ಸಣ್ಣ ವಿಮಾನ ಹತ್ತುವ ಮುಂಚೆ ಅಮ್ಮನಿಗೆ ಏನೇನು ಹೇಳಬೇಕು?

ಪ್ರಶ್ನೆ: ನಮ್ಮದು ಚಿಕ್ಕಬಳ್ಳಾಪುರ. ನನಗೆ ಈಗಷ್ಟೇ ಪ್ರೈವೇಟ್ ಪೈಲಟ್ ಲೈಸೆನ್ಸ್ ಸಿಕ್ಕಿದೆ. ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಿಂದ ಅಪ್ಪ ಅಮ್ಮನನ್ನು ಒಂದು ಸುತ್ತು ಕರೆದುಕೊಂಡು ಹೋಗುವ ಆಸೆ. ಆದರೆ ಬೆಲ್ಟು, ಬೆಂಕಿ, ತುರ್ತು ಬಾಗಿಲು ಅಂತ ಶುರು ಮಾಡಿದರೆ ಅಮ್ಮ ಹೆದರಿ ಹತ್ತುವುದೇ ಇಲ್ಲ. ಎಷ್ಟು ಹೇಳಬೇಕು?

ಉತ್ತರ: ಪೂರ್ತಿ ಹೇಳಬೇಕು. ಆದರೆ ಬಾಯಲ್ಲಿ ಹೇಳುವುದು ಕಡಿಮೆ ಇರಲಿ, ಅವರ ಕೈಯಲ್ಲಿ ಮಾಡಿಸುವುದು ಜಾಸ್ತಿ ಇರಲಿ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಮೊದಲ ಸಲ ನಮ್ಮ ದೊಡ್ಡಮ್ಮನನ್ನು ಕರೆದುಕೊಂಡು ಹೋದಾಗ ಎಲ್ಲವನ್ನೂ ವಿವರಿಸಿದ್ದೆ. ಅವರೂ ತಲೆ ಆಡಿಸಿದ್ದರು. ಇಳಿದು ಇಂಜಿನ್ ಆಫ್ ಮಾಡಿ ತಿರುಗಿ ನೋಡಿದರೆ, ಸೊಂಟದ ಪಕ್ಕ ಕೈ ಹಾಕಿ ಬೆಲ್ಟಿನ ಗುಂಡಿ ಹುಡುಕುತ್ತಾ ಕೂತಿದ್ದಾರೆ. ಅಲ್ಲಿ ಗುಂಡಿಯೇ ಇರಲಿಲ್ಲ. ಅವತ್ತು ಅವಸರವೇನೂ ಇರಲಿಲ್ಲ, ಸರಿಹೋಯಿತು. ಹೊಗೆ ತುಂಬಿದ್ದರೆ?

ಕಾರಿನ ಬೆಲ್ಟ್ ಸೊಂಟದ ಪಕ್ಕದಲ್ಲಿರುತ್ತದೆ, ಗುಂಡಿ ಒತ್ತಿದರೆ ಬಿಚ್ಚುತ್ತದೆ. ಬಹಳಷ್ಟು ಸಣ್ಣ ವಿಮಾನಗಳಲ್ಲಿ ಲೋಹದ ಮುಚ್ಚಳವನ್ನು ಮೇಲಕ್ಕೆ ಎತ್ತಬೇಕು. ಕೆಲವು ಮಾದರಿಗಳಲ್ಲಿ ಕಾರಿನ ಹಾಗೆ ಒತ್ತುವುದೂ ಉಂಟು. ಗಾಬರಿಯಲ್ಲಿ ಕೈ ಹೋಗುವುದು ದಿನಾ ರೂಢಿಯಾದ ಕಡೆಗೇ. ಅಮೆರಿಕದ ನಿಯಮದಲ್ಲಂತೂ ಬೆಲ್ಟ್ ಹಾಕುವುದರ ಜೊತೆಗೆ ಬಿಚ್ಚುವುದನ್ನೂ ಪೈಲಟ್ ಹೇಳಿಕೊಡಬೇಕು ಎಂದು ಬಿಡಿಸಿ ಬರೆದಿದ್ದಾರೆ. ಹಾಗಾಗಿ ಅಮ್ಮನ ಕೈಯಲ್ಲೇ ಮೂರು ಸಲ ಹಾಕಿಸಿ, ಬಿಚ್ಚಿಸಿ. ಮೂರನೇ ಸಲ ಕಣ್ಣು ಮುಚ್ಚಿಕೊಂಡು ಮಾಡಲಿ.

ಬಾಗಿಲಿಗೂ ಇದೇ ಮಾತು. ಒಳಗಿನ ಹಿಡಿಯನ್ನು ಯಾವ ಕಡೆ ತಿರುಗಿಸಬೇಕು ಎಂದು ಅವರೇ ತಿರುಗಿಸಿ ನೋಡಲಿ. ಸೆಸ್ನಾ 172 ಆದರೆ ನಾಲ್ಕು ಸೀಟು, ಎರಡೇ ಬಾಗಿಲು. ಹಿಂದೆ ಕೂತವರು ಹೊರಗೆ ಬರಬೇಕಾದರೆ ಮುಂದಿನ ಸೀಟು ಸರಿಯಬೇಕು ಅಥವಾ ಮಡಚಬೇಕು. ಅದರ ಲಿವರ್ ಎಲ್ಲಿದೆ ಅಂತ ಹಿಂದಿನವರಿಗೆ ಗೊತ್ತಿರಲೇಬೇಕು. ಇದನ್ನು ಎಷ್ಟೋ ಜನ ಪೈಲಟ್‌ಗಳೇ ಮರೆಯುತ್ತಾರೆ, ಅದು ನನಗೆ ತುಂಬಾ ಬೇಸರ ತರಿಸುವ ವಿಷಯ. ಹಾಗೆಯೇ ಮುಂದಿನ ಸೀಟು ಹಳಿಯ ಮೇಲೆ ಜಾರುವಂಥದ್ದು. ‘ಟಕ್’ ಎಂದು ಕೂತಿದೆಯಾ ಅಂತ ಅಲ್ಲಾಡಿಸಿ ನೋಡಿ. ಟೇಕಾಫ್ ಹೊತ್ತಲ್ಲಿ ಸೀಟು ಹಿಂದಕ್ಕೆ ಜಾರಿದರೆ ಕೂತವರು ಎದುರಿಗಿರುವ ಕಂಟ್ರೋಲನ್ನೇ ಹಿಡಿದು ಎಳೆದುಬಿಡುತ್ತಾರೆ. ನಿಮ್ಮ ಸೀಟನ್ನೂ ನೋಡಿಕೊಳ್ಳಿ.

ಇದೆಲ್ಲ ಯಾವಾಗ ಹೇಳುವುದು? ಅರ್ಧ ಭಾಗ ದಾರಿಯಲ್ಲೇ ಮುಗಿಸಿ. ಚಿಕ್ಕಬಳ್ಳಾಪುರದಿಂದ ದೇವನಹಳ್ಳಿ ದಾಟಿ ಜಕ್ಕೂರಿಗೆ ಬರುವಷ್ಟರಲ್ಲಿ ಬೇಕಾದಷ್ಟು ಸಮಯ ಸಿಗುತ್ತದೆ. ಪ್ರೊಪೆಲ್ಲರ್ ಮಾತಂತೂ ಅಲ್ಲೇ ಆಗಿಹೋಗಲಿ. ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದಿಲ್ಲ. ನಿಂತಿದ್ದರೂ ಅದರ ಹತ್ತಿರ ಹೋಗಬಾರದು. ಹತ್ತುವಾಗ ಇಳಿಯುವಾಗ ಯಾವಾಗಲೂ ಬಾಲದ ಕಡೆಯಿಂದಲೇ ಬಂದು ಹೋಗಬೇಕು. ಸೆರಗು, ವೇಲ್ ಬಿಗಿಯಾಗಿ ಸಿಕ್ಕಿಸಿರಲಿ. ಮುಡಿದ ಹೂವು ಹೆಡ್‌ಸೆಟ್ ಪಟ್ಟಿಯ ಕೆಳಗೆ ಸಿಕ್ಕದಂತೆ ಸ್ವಲ್ಪ ಹಿಂದಕ್ಕಿರಲಿ.

ತೂಕವನ್ನೂ ಮನೆಯಲ್ಲೇ ಕೇಳಿಕೊಳ್ಳಿ. ಅಂದಾಜು ಬೇಡ, ನಿಜವಾದ ತೂಕ ಬೇಕು. ಸೆಸ್ನಾ 172 ಎಸ್ ಮಾದರಿ ವಿಮಾನದ ತೂಕವೂ ಸೇರಿ ಒಟ್ಟು 1,157 ಕೆಜಿ ಮೀರುವಂತಿಲ್ಲ. ಫುಲ್ ಟ್ಯಾಂಕ್, ನಾಲ್ಕು ಜನ ದೊಡ್ಡವರು, ಜೊತೆಗೆ ಬ್ಯಾಗು ಅಂದರೆ ಸಾಮಾನ್ಯವಾಗಿ ಲೆಕ್ಕ ಮೀರುತ್ತದೆ. ಅದರ ಮೇಲೆ ಜಕ್ಕೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ. ಬಿಸಿಲು ಏರಿದಂತೆ ಗಾಳಿ ತೆಳುವಾಗುತ್ತದೆ, ವಿಮಾನ ಏರುವುದು ನಿಧಾನವಾಗುತ್ತದೆ. ಮಧ್ಯಾಹ್ನ ಕುಲುಕಾಟವೂ ಜಾಸ್ತಿ. ಬೆಳಿಗ್ಗೆಯೇ ಹೋಗಿ. ಎರಡು ಇಡ್ಲಿ ತಿಂದು ಬರಲಿ, ಖಾಲಿ ಹೊಟ್ಟೆ ಬೇಡ. ವಾಂತಿಗೆ ಒಂದು ಕವರ್ ಕೈಗೇ ಕೊಟ್ಟಿರಿ. ತಲೆ ತಿರುಗಿದರೆ ದೂರದ ದಿಗಂತ ನೋಡಲಿ, ಮುಖಕ್ಕೆ ಗಾಳಿ ಬಿಟ್ಟುಕೊಳ್ಳಲಿ.

ಅಮ್ಮನ ಹೆದರಿಕೆಯ ವಿಷಯಕ್ಕೆ ಬರೋಣ. ನಾನು ಕಂಡಂತೆ ಜನ ಜಾಸ್ತಿ ಹೆದರುವುದು ಮೊದಲೇ ಹೇಳಿದ್ದಕ್ಕಲ್ಲ, ಹೇಳದೇ ಬಿಟ್ಟ ಸದ್ದುಗಳಿಗೆ. ಇಳಿಯುವಾಗ ನೀವು ಪವರ್ ಕಡಿಮೆ ಮಾಡುತ್ತೀರಿ. ಹಿಂದೆ ಕೂತವರಿಗೆ ಇಂಜಿನ್ ನಿಂತೇ ಹೋಯಿತು ಅನ್ನಿಸುತ್ತದೆ. ನೆಲ ಮುಟ್ಟುವ ಮುಂಚೆ ವೇಗ ಕಡಿಮೆಯಾಗಿದೆ ಎಂದು ಎಚ್ಚರಿಸುವ ಪೀಪಿ ಕೂಗಬಹುದು. ಅದು ನಿಮಗೆ ಮಾಮೂಲಿ, ಅವರಿಗೆ ಎದೆ ಝಲ್ ಎನ್ನುತ್ತದೆ. ಬಾಗಿಲು ಸರಿಯಾಗಿ ಕೂರದೆ ಮೇಲೆ ಹೋದಾಗ ಸ್ವಲ್ಪ ತೆರೆದುಕೊಳ್ಳುವುದೂ ಉಂಟು. ಗಾಳಿಯ ಸದ್ದು ಜೋರು, ಆದರೆ ವಿಮಾನ ಹಾರುತ್ತಲೇ ಇರುತ್ತದೆ. ‘ಹೀಗೆ ಕೇಳಿಸುತ್ತದೆ ಅಮ್ಮಾ, ಆಗ ನಾನು ಇಂಥದ್ದು ಮಾಡುತ್ತಿರುತ್ತೇನೆ’ ಎಂದು ಮುಂಚೆಯೇ ಹೇಳಿಬಿಡಿ.

ಇಂಜಿನ್ ನಿಜವಾಗಿ ನಿಂತರೆ? ಅಪ್ಪ ಕೇಳಿಯೇ ಕೇಳುತ್ತಾರೆ. ಮುಚ್ಚಿಡಬೇಡಿ. 172 ಕಲ್ಲಿನ ಹಾಗೆ ಬೀಳುವುದಿಲ್ಲ. ನೆಲದಿಂದ 3,000 ಅಡಿ ಎತ್ತರದಲ್ಲಿದ್ದರೆ, ಗಾಳಿ ಎದುರಿಗಿಲ್ಲದಾಗ, ಸುಮಾರು 8 ಕಿಲೋಮೀಟರ್ ತೇಲಿಕೊಂಡು ಹೋಗುತ್ತದೆ. ಅಷ್ಟರಲ್ಲಿ ಪೈಲಟ್ ಬಯಲು ಹುಡುಕುತ್ತಾನೆ. ನಮ್ಮ ಕಡೆ ಅಂದರೆ ಕೊಯ್ಲಾದ ರಾಗಿ ಹೊಲ. ಕಲ್ಲುಕಂಬದ ದ್ರಾಕ್ಷಿ ಚಪ್ಪರ, ಬಂಡೆ, ಕರೆಂಟ್ ತಂತಿ ಇರುವ ಕಡೆ ಇಳಿಸುವುದಿಲ್ಲ. ಆ ಹೊತ್ತಲ್ಲಿ ಅವರ ಕೆಲಸ ಇಷ್ಟೇ: ಬೆಲ್ಟ್ ಬಿಗಿ ಮಾಡುವುದು, ಕನ್ನಡಕ ತೆಗೆಯುವುದು, ಮಡಚಿದ ಶಾಲನ್ನು ಮುಖಕ್ಕೆ ಅಡ್ಡ ಹಿಡಿದು ಬಗ್ಗುವುದು. ನೀವು ಹೇಳಿದಾಗ ಬಾಗಿಲನ್ನು ಚೂರು ತೆರೆದಿಡಬೇಕು. ನೆಲಕ್ಕೆ ಬಡಿದು ಚೌಕಟ್ಟು ಬಗ್ಗಿದರೆ ಬಾಗಿಲು ಸಿಕ್ಕಿಕೊಳ್ಳಬಹುದು, ಅದಕ್ಕೆ. ಪೂರ್ತಿ ನಿಂತ ಮೇಲೆ ಬೆಲ್ಟ್ ಬಿಚ್ಚಿ ಬಾಲದ ಕಡೆಗೆ ನಡೆದು ದೂರ ಹೋಗಬೇಕು. ಬ್ಯಾಗು, ಫೋನು ಯಾವುದೂ ಬೇಡ. ಬೆಂಕಿ ನಂದಿಸುವ ಸಿಲಿಂಡರ್ ಎಲ್ಲಿದೆ ಎಂದು ಕೈ ಇಟ್ಟು ತೋರಿಸಿ.

ಮುಂದೆ ಕೂರುವ ಅಪ್ಪನಿಗೆ ಎರಡು ಮಾತು ಜಾಸ್ತಿ. ಕಾಲು ಪೆಡಲ್‌ನಿಂದ ಹಿಂದಕ್ಕಿರಲಿ, ಕೈ ತೊಡೆಯ ಮೇಲಿರಲಿ. ಏರುವಾಗ ಇಳಿಯುವಾಗ ಮಾತು ಬೇಡ. 1974ರಲ್ಲಿ ಅಮೆರಿಕದ ಶಾರ್ಲೆಟ್‌ನಲ್ಲಿ ಇಳಿಯುವ ಹೊತ್ತಿಗೆ ಪೈಲಟ್‌ಗಳು ಬೇರೆ ಹರಟೆಯಲ್ಲಿದ್ದಾಗಲೇ ದೊಡ್ಡ ವಿಮಾನವೊಂದು ನೆಲಕ್ಕಪ್ಪಳಿಸಿತು. ಅಂಥ ಘಟನೆಗಳ ನಂತರ 1981ರಲ್ಲಿ ಅಲ್ಲಿನ ಏರ್‌ಲೈನ್ ಪೈಲಟ್‌ಗಳಿಗೆ 10,000 ಅಡಿಗಿಂತ ಕೆಳಗೆ ಕೆಲಸಕ್ಕೆ ಬೇಡದ ಮಾತು ನಿಷೇಧಿಸಿದರು. ಆದರೆ ಹದ್ದು ಅಥವಾ ಇನ್ನೊಂದು ವಿಮಾನ ಕಂಡರೆ ಮಾತ್ರ ಯಾವಾಗ ಬೇಕಾದರೂ ಹೇಳಲಿ. ಎದುರಿಗೆ ಹನ್ನೆರಡು ಗಂಟೆ, ಬಲಕ್ಕೆ ಮೂರು ಗಂಟೆ ಎನ್ನುವ ಗಡಿಯಾರದ ಲೆಕ್ಕ ಕಲಿಸಿ. ಅಮ್ಮನಿಗೂ ಈ ಕೆಲಸ ಕೊಡಿ. ಆಕಾಶ ನೋಡುತ್ತಾ ಕೂತವರಿಗೆ ಭಯ ಕಡಿಮೆ.

ಇಂಜಿನ್ ಶುರು ಮಾಡುವ ಮುಂಚೆ ‘ಎಲ್ಲಾ ಅರ್ಥ ಆಯ್ತಾ?’ ಅಂತ ಕೇಳಬೇಡಿ. ಎಲ್ಲರೂ ಹೂಂ ಅಂತಾರೆ. ‘ಅಮ್ಮಾ, ನಾನು ಹೇಳಿದ ತಕ್ಷಣ ಹೊರಗೆ ಹೋಗಬೇಕು, ಏನೇನು ಮಾಡ್ತೀರ, ತೋರಿಸಿ’ ಅನ್ನಿ. ಅವರ ಕೈ ನೇರ ಬೆಲ್ಟಿಗೆ, ಆಮೇಲೆ ಸೀಟಿನ ಲಿವರಿಗೆ, ಆಮೇಲೆ ಬಾಗಿಲಿಗೆ ಹೋದರೆ ಹೊರಡಿ. ‘ಯಾಕೋ ಬೇಡಪ್ಪಾ’ ಅಂದರೆ ಒತ್ತಾಯ ಮಾಡದೆ ಇಳಿಸಿ, ಅಪ್ಪನೊಬ್ಬರನ್ನೇ ಒಂದು ಸುತ್ತು ಕರೆದುಕೊಂಡು ಬನ್ನಿ. ನೀವು ವಾಪಸ್ ಬಂದು ಇಂಜಿನ್ ಆಫ್ ಮಾಡುವ ತನಕ ಅಮ್ಮನ ಜೊತೆ ಯಾರಾದರೂ ನಿಂತಿರಲಿ. ಗಂಡ ಇಳಿಯುವುದನ್ನು ಕಂಡ ಖುಷಿಗೆ ಅವರು ವಿಮಾನದ ಕಡೆ ಓಡಿ ಬರಬಹುದು.