ಅಬ್ಬಿ ನೀರಿಗೆ ಫ್ರಿಜ್ಜು ಓಡುತ್ತಾ? ಒಂದು ಹಳೇ ತಕರಾರಿನ ಹಿನ್ನೆಲೆ

ಮಲೆನಾಡಿನ ಒಂಟಿ ಮನೆಗಳಲ್ಲಿ ಪಿಕೋ ಹೈಡ್ರೋ (ಹಳ್ಳದ ನೀರಲ್ಲಿ ಒಂದು ಮನೆಗಾಗುವಷ್ಟು ಕರೆಂಟು ಮಾಡುವ ಪುಟ್ಟ ಘಟಕ) ಮಾತು ಬಂದರೆ ಕೊನೆಗೆ ಅದು ಫ್ರಿಜ್ಜಿನ ಹತ್ತಿರ ಬಂದು ನಿಲ್ಲುತ್ತದೆ. ಒಬ್ಬರು ‘ಆರಾಮಾಗಿ ಓಡುತ್ತೆ’ ಅಂತಾರೆ. ಇನ್ನೊಬ್ಬರು ‘ನಮ್ಮದು ಸುಟ್ಟೇ ಹೋಯ್ತು’ ಅಂತಾರೆ. ಇಬ್ಬರ ಮಾತೂ ನಿಜ.

ತಣ್ಣಗೆ ಮಾಡುವ ಯಂತ್ರಕ್ಕೆ ಮೊದಲು ಕರೆಂಟೇ ಬೇಕಿರಲಿಲ್ಲ. ಕಂಪ್ರೆಸರ್ ಅಂದರೆ ಅನಿಲ ಒತ್ತುವ ಪಂಪು. ಅದನ್ನು ತಿರುಗಿಸುವುದು ಉಗಿಯೋ ನೀರೋ, ಅದಕ್ಕೇನು ಗೊತ್ತು? ಜನರಲ್ ಎಲೆಕ್ಟ್ರಿಕ್ 1911ರಲ್ಲಿ ತಯಾರಿಸಲು ಶುರುಮಾಡಿದ ಆಡಿಫ್ರೆನ್ ಯಂತ್ರಕ್ಕೆ ಹೊರಗೆ ಬೆಲ್ಟ್ ಹಾಕುವ ಪುಲ್ಲಿ ಇತ್ತು. ಅದನ್ನು ಕಂಡುಹಿಡಿದವರು ಫ್ರಾನ್ಸಿನ ಒಬ್ಬ ಪಾದ್ರಿ. 1927ರಲ್ಲಿ ಅದೇ ಕಂಪನಿಯ ಮಾನಿಟರ್ ಟಾಪ್ ಅನ್ನುವ ಫ್ರಿಜ್ಜು ಬಂತು. ಅದರಲ್ಲಿ ಮೋಟರು, ಕಂಪ್ರೆಸರು ಎರಡೂ ಒಂದೇ ಉಕ್ಕಿನ ಡಬ್ಬಿಯೊಳಗೆ. ಅನಿಲ ಸೋರುವ ಕಾಟ ತಪ್ಪಿತು, ಬೆಲ್ಟ್ ಹಾಕುವ ಜಾಗವೂ ತಪ್ಪಿತು. ನಮ್ಮ ಫ್ರಿಜ್ಜಿನ ಹಿಂದಿರುವ ಕಪ್ಪು ಮಡಕೆ ಅದೇ ವಂಶದ್ದು.

ಇತ್ತ 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು. ಅಲ್ಲಿಂದ ಸುಮಾರು ನೂರು ವರ್ಷ ನೀರಿನ ಕರೆಂಟು ಅಂದರೆ ದೊಡ್ಡ ಅಣೆಕಟ್ಟು, ಉದ್ದದ ತಂತಿ. ಮನೆ ಹಿಂದಿನ ಹಳ್ಳ ನೆನಪಾಗಿದ್ದು ತಡವಾಗಿ. ಸಹಾಯಧನ ಸಿಕ್ಕಿ, ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಬರುತ್ತಿದ್ದ ನೀರು ಪಿವಿಸಿ ಪೈಪಿಗಿಳಿದು, ಒಂದು ಕಿಲೋವ್ಯಾಟ್ ಆಸುಪಾಸಿನ ಘಟಕಗಳು ತಿರುಗತೊಡಗಿದವು.

ತಕರಾರು ಶುರುವಾಗಿದ್ದು ಇಲ್ಲೇ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 5 ಲೀಟರ್ ನೀರು ಬಿದ್ದರೆ ಲೆಕ್ಕಕ್ಕೆ ಸುಮಾರು 980 ವ್ಯಾಟ್. ಪೈಪು, ಟರ್ಬೈನು, ಜನರೇಟರು ತಿಂದು ಅರ್ಧದಷ್ಟು ಕೈಗೆ ಸಿಕ್ಕರೆ ಪುಣ್ಯ. ಓಡುವ ಫ್ರಿಜ್ಜಿಗೆ 100–150 ವ್ಯಾಟ್ ಸಾಕು. ಮತ್ತೇನು ತೊಂದರೆ ಅಲ್ವಾ? ತೊಂದರೆ ಇರುವುದು ಹೊರಡುವ ಕ್ಷಣದಲ್ಲಿ. ಆಗ ಕಂಪ್ರೆಸರ್ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಕೆಪಾಸಿಟರ್ ಕಟ್ಟಿದ ಇಂಡಕ್ಷನ್ ಜನರೇಟರಾದರೆ (ಅಂದರೆ ಸಾಮಾನ್ಯ ಮೋಟರನ್ನೇ ಜನರೇಟರಾಗಿ ತಿರುಗಿಸಿದ್ದು) ವೋಲ್ಟೇಜೇ ಕುಸಿದು ಮನೆಯೆಲ್ಲ ಕತ್ತಲೆ. ವೋಲ್ಟೇಜು ಅರೆಬರೆ ಉಳಿದರೆ ಇನ್ನೂ ಕೆಟ್ಟದ್ದು: ಮೋಟರು ತಿರುಗುವುದಿಲ್ಲ, ಸುಮ್ನೆ ಬಿಸಿಯಾಗುತ್ತಾ ಹೋಗುತ್ತದೆ. ನಮ್ಮ ಮನೆಯ ಮೊದಲ ಫ್ರಿಜ್ಜು ಹೋಗಿದ್ದು ಹೀಗೆ.

ತಮಾಷೆ ಏನೆಂದರೆ ಅದೇ ಘಟಕ ರಾತ್ರಿಯಿಡೀ ಮಿಕ್ಕ ಕರೆಂಟನ್ನು ಚೆಲ್ಲುತ್ತಿರುತ್ತದೆ. ನೀರು ನಿಲ್ಲುವುದಿಲ್ಲ, ದೀಪಗಳು ಆರಿರುತ್ತವೆ. ಹಾಗಾಗಿ ಲೋಡ್ ಕಂಟ್ರೋಲರ್ ಅದನ್ನೆಲ್ಲ ಹೀಟರಿಗೆ ತಳ್ಳುತ್ತದೆ. ಬಚ್ಚಲ ಹಂಡೆ ಕುದಿಯುತ್ತದೆ, ಫ್ರಿಜ್ಜಿಲ್ಲದೆ ಹಾಲು ಒಡೆಯುತ್ತದೆ. ಆ ಹೊತ್ತಿನಲ್ಲಿ ಐಸ್ ಕಟ್ಟಿಸಿಟ್ಟಿದ್ದರೆ ಹಗಲಿಗೆ ಬ್ಯಾಟರಿಯೇ ಬೇಡ.

ಹಾಗಾದರೆ ಟರ್ಬೈನಿಂದ ನೇರ ಬೆಲ್ಟ್ ಹಾಕಬಾರದೇ? ಹಾಕಬಹುದು. ಹೆಚ್ಚಿನ ಪೆಟ್ರೋಲ್, ಡೀಸೆಲ್ ಕಾರುಗಳ ಎಸಿ ಕಂಪ್ರೆಸರಿಗೆ ಇವತ್ತಿಗೂ ಬೆಲ್ಟೇ, ಕರಾವಳಿಯ ಐಸ್ ಪ್ಲಾಂಟುಗಳಲ್ಲೂ ಬೆಲ್ಟಿನವು ಸಿಗುತ್ತವೆ. ಆದರೆ ಕಾರಿನದಕ್ಕೆ ತಿರುಗಲು ಬೇಕಾದ ಶಕ್ತಿ ಜಾಸ್ತಿ, ಶಾಫ್ಟಿನ ಸೀಲು ಸೋರುತ್ತದೆ. ಅದಕ್ಕಿಂತ ದೊಡ್ಡ ಅಡ್ಡಿ ಜಾಗದ್ದು. ಟರ್ಬೈನು ಕೆಳಗೆ ಹಳ್ಳದಲ್ಲಿ, ಅಡುಗೆಮನೆ ಮೇಲೆ ದಿಬ್ಬದಲ್ಲಿ. ತಂತಿ ಹತ್ತುತ್ತದೆ, ಬೆಲ್ಟ್ ಹತ್ತುವುದಿಲ್ಲ. ಹಾಲಿನ ಕ್ಯಾನನ್ನೇ ಕೆಳಗೆ ಒಯ್ಯುವ ಮನಸ್ಸಿದ್ದರೆ ಮಾತ್ರ ಇದು ಆಗುವ ಕೆಲಸ.

ಈಗ ವೇಗ ಹೆಚ್ಚುಕಮ್ಮಿ ಮಾಡಿಕೊಳ್ಳುವ ಇನ್ವರ್ಟರ್ ಕಂಪ್ರೆಸರ್ ಬಂದಿದೆ. ಅದು ಮೆಲ್ಲಗೆ ಹೊರಡುತ್ತದೆ, ಹಾಗಾಗಿ ‘ಓಡುತ್ತೆ’ ಅನ್ನುವವರು ಹೆಚ್ಚಿದ್ದಾರೆ. ಮಳೆಗಾಲದಲ್ಲಿ ಮರ ಬಿದ್ದು ನಾಲ್ಕು ದಿನ ಲೈನ್ ಹೋದಾಗ ಹಳ್ಳದ ಫ್ರಿಜ್ಜಿನದೇ ದರ್ಬಾರು. ಬೇಸಿಗೆ ಹತ್ತಿರವಾದಂತೆ ಟರ್ಬೈನಿಗೆ ನೀರು ಚಿಮ್ಮಿಸುವ ನಾಜಲ್‌ನಲ್ಲಿ ಬೆರಳು ಗಾತ್ರದ ನೀರು. ಸೆಕೆ ಏರುವ ಹೊತ್ತಿಗೆ ಪ್ಲಗ್ಗು ಮತ್ತೆ ಲೈನಿಗೆ.