ಮೋಡ ಬಂದರೆ ಇಳಿಸಿಬಿಟ್ಟರೆ ಆಯಿತಲ್ವಾ?

ಯಲಹಂಕದ ಓದುಗರೊಬ್ಬರ ಪ್ರಶ್ನೆ: ಮಗ ಹೆಲಿಕಾಪ್ಟರ್ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮಾಡ್ತಿದ್ದಾನೆ. ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೂ (ಹೊರಗೇನೂ ಕಾಣದಿದ್ದಾಗ ಮೀಟರ್ ನೋಡಿಯೇ ಹಾರಿಸುವ ಅರ್ಹತೆ) ದುಡ್ಡು ಬೇಕು ಅಂತಾನೆ. ಹೆಲಿಕಾಪ್ಟರ್ ಎಲ್ಲಿ ಬೇಕಾದರೂ ಇಳಿಯುತ್ತೆ. ಮತ್ತೆ ಇದೆಲ್ಲ ಯಾಕೆ?

ಮೋಡ ದೂರದಲ್ಲೇ ಕಂಡರೆ ಇಳಿಸಬಹುದು, ನಿಜ. ಜನವರಿ ಬೆಳಗ್ಗೆ ದೇವನಹಳ್ಳಿ ಕಡೆ ಮಂಜು ಹೇಗೆ ಕವಿಯುತ್ತೆ ಅಂತ ನಿಮಗೇ ಗೊತ್ತು. ಅಂಥದ್ದರೊಳಗೆ ಸಿಕ್ಕಿಕೊಂಡ ಮೇಲೆ ನೆಲವೇ ಕಾಣಲ್ಲ. ಇಳಿಸುವುದು ಎಲ್ಲಿಗೆ?

ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಿ. ತಿರುಗುವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, ಒಂದೇ ವೇಗದಲ್ಲಿ ಮೆಲ್ಲಗೆ ತಿರುಗಿಸಲು ಮಗನಿಗೆ ಹೇಳಿ. (ಕೈಯಲ್ಲಿ ಕಾಫಿ ಲೋಟ ಬೇಡ.) ಸ್ವಲ್ಪ ಹೊತ್ತಿಗೆ ಕುರ್ಚಿ ನಿಂತೇ ಹೋಯಿತು ಅನಿಸುತ್ತದೆ. ಅವನು ನಿಜವಾಗಿ ನಿಲ್ಲಿಸಿದಾಗ ಉಲ್ಟಾ ತಿರುಗುತ್ತಿದ್ದೀರಿ ಅನಿಸುತ್ತದೆ. ಒಳಗಿವಿಯಲ್ಲಿರುವ ದ್ರವ ಮೊದಲು ಹಿಂದೆ ಬೀಳುತ್ತೆ, ಆಮೇಲೆ ನಿಮ್ಮ ಜೊತೆಗೇ ಸುತ್ತತೊಡಗುತ್ತೆ. ಆಗ ಮಿದುಳಿಗೆ ಸುದ್ದಿಯೇ ಹೋಗಲ್ಲ.

ಕುರ್ಚಿಯಲ್ಲಾದರೆ ನಗುತ್ತೀರಿ. ಆಟೋಪೈಲಟ್ ಇಲ್ಲದ ಚಿಕ್ಕ ಹೆಲಿಕಾಪ್ಟರ್‌ನಲ್ಲಿ ಸೈಕ್ಲಿಕ್ (ಹೆಲಿಕಾಪ್ಟರನ್ನು ಬೇಕಾದತ್ತ ವಾಲಿಸುವ ಹಿಡಿ) ಮೇಲಿನ ಕೈ ತೆಗೆದರೆ ಕೆಲವೇ ಸೆಕೆಂಡಿನಲ್ಲಿ ಅದು ವಾಲುತ್ತದೆ. ಅದನ್ನು ಸರಿಮಾಡಬೇಕಾದ ಪೈಲಟ್‌ಗೆ ಅವನ ಕಿವಿಯೇ ಸುಳ್ಳು ಹೇಳುತ್ತಿರುತ್ತದೆ.

ತರಬೇತಿಯಲ್ಲಿ ಹೊರಗೇನೂ ಕಾಣದ ಹಾಗೆ ಹಣೆಗೊಂದು ಮರೆ ಕಟ್ಟುತ್ತಾರೆ, ಹುಡ್ ಅಂತಾರೆ. ಕಾಣುವುದು ಮೀಟರ್‌ಗಳಷ್ಟೇ. ಹೆಲಿಕಾಪ್ಟರ್ ಎತ್ತ ವಾಲಿದೆ ಅಂತ ತೋರಿಸುವ ಮೀಟರ್ ನೋಡು, ಎತ್ತರ ನೋಡು, ಮತ್ತೆ ವಾಲು ನೋಡು, ದಿಕ್ಕು ನೋಡು, ಮತ್ತೆ ವಾಲು. ಒಂದರ ಮೇಲೇ ಕಣ್ಣು ನೆಟ್ಟರೆ ಉಳಿದವು ಕೈಜಾರುತ್ತವೆ. ಬಲಕ್ಕೆ ವಾಲುತ್ತಿದ್ದೇನೆ ಅಂತ ಮೈಯೆಲ್ಲ ಕೂಗುವಾಗ ಮೀಟರ್ ಮಾತು ನಂಬಿ ಕೈ ಅಲುಗಿಸದೆ ಇರುವುದು ಸುಲಭದ ಕಲಿಕೆ ಅಲ್ಲ. ನಿಮ್ಮ ದುಡ್ಡು ಹೋಗುವುದು ಮುಖ್ಯವಾಗಿ ಇದಕ್ಕೇ.

ಅಂತರರಾಷ್ಟ್ರೀಯ ಕನಿಷ್ಠ ಲೆಕ್ಕ ಹೀಗಿದೆ: ತಾನೇ ಕಮಾಂಡ್‌ನಲ್ಲಿದ್ದು ಊರಿಂದ ಊರಿಗೆ ಹಾರಿದ್ದು 50 ಗಂಟೆ, ಮೀಟರ್ ನೋಡಿಕೊಂಡೇ ಹಾರಿಸಿದ್ದು 40 ಗಂಟೆ. ಈ 40ರಲ್ಲಿ ಒಂದು ಪಾಲು ಸಿಮ್ಯುಲೇಟರ್‌ನಲ್ಲಿ ಆಗಬಹುದು. ನಮ್ಮಲ್ಲಿ ರೇಟಿಂಗ್ ಕೊಡುವುದು ಕೇಂದ್ರದ ವಿಮಾನಯಾನ ನಿಯಂತ್ರಕ ಡಿಜಿಸಿಎ. ಸಿಮ್ಯುಲೇಟರ್ ಬೆಂಗಳೂರಿಗೆ ಹೊಸದೇನಲ್ಲ. ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಕಂಪನಿ ಸೇರಿ ಕಟ್ಟಿದ ಹ್ಯಾಟ್ಸಾಫ್ ಎಂಬ ಹೆಲಿಕಾಪ್ಟರ್ ಸಿಮ್ಯುಲೇಟರ್ ಕೇಂದ್ರ ಇಲ್ಲೇ ಇದೆ.

ಹಾಗಂತ ರೇಟಿಂಗ್ ತಾಯತ ಅಲ್ಲ. 2020ರ ಜನವರಿ 26ರಂದು ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಸತ್ತ ಹೆಲಿಕಾಪ್ಟರ್‌ನ ಪೈಲಟ್‌ಗೆ ಈ ರೇಟಿಂಗ್ ಇತ್ತು. ಆದರೆ ಆ ಹೆಲಿಕಾಪ್ಟರ್ ನಡೆಸುತ್ತಿದ್ದ ಕಂಪನಿಗೆ ಮೋಡದೊಳಗೆ ಹಾರಿಸುವ ಅನುಮತಿ ಇರಲಿಲ್ಲ. 4,000 ಅಡಿಗೆ ಏರುತ್ತಿದ್ದೇನೆ ಅಂತ ಆತ ರೇಡಿಯೋದಲ್ಲಿ ಹೇಳುವಾಗ ಹೆಲಿಕಾಪ್ಟರ್ ಕೆಳಗಿಳಿಯುತ್ತಿತ್ತು.

ನನ್ನನ್ನು ಕೇಳಿದರೆ, ಮಾಡಿಸಿ. ದುಡ್ಡು ಕಟ್ಟುವ ಮೊದಲು ಮಗ ಸ್ಕೂಲಿನಲ್ಲಿ ಒಂದು ಮಾತು ಕೇಳಲಿ: 40 ಗಂಟೆಯಲ್ಲಿ ನಿಜವಾದ ಹೆಲಿಕಾಪ್ಟರ್‌ನಲ್ಲಿ ಎಷ್ಟು, ಸಿಮ್ಯುಲೇಟರ್‌ನಲ್ಲಿ ಎಷ್ಟು? ಉತ್ತರವನ್ನು ಬರೆದೇ ಕೊಡಲಿ.