ಕೇಳುವುದು, ಎರಡೂ ಅರ್ಥದಲ್ಲಿ

ಕೊಪ್ಪಳದ ನನ್ನ ವಾಕ್ ಚಿಕಿತ್ಸಾ ಕೊಠಡಿಗೆ ಮೂರು ವರ್ಷದ ಮಗುವನ್ನು ಎತ್ತಿಕೊಂಡು ಬರುವ ತಂದೆತಾಯಿ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವ ಪ್ರಶ್ನೆ ಬಹುತೇಕ ಒಂದೇ: "ಮೇಡಂ, ಇವ ಮಾತಾಡ್ತಾನೇನ್ರಿ?" ಅಷ್ಟರಲ್ಲಿ ಮನೆಯಲ್ಲಿ ವರ್ಷ, ಒಂದೂವರೆ ವರ್ಷ ಕಳೆದುಹೋಗಿರುತ್ತದೆ. ಗಂಡುಹುಡುಗರಿಗೆ ಮಾತು ತಡ ಎಂದು ಅಜ್ಜಿ ಸಮಾಧಾನ ಹೇಳಿರುತ್ತಾರೆ, ಬಜೆ ತೇಯ್ದು ನಾಲಿಗೆಗೆ ಹಚ್ಚಿಯಾಗಿರುತ್ತದೆ, ಹುಲಿಗೆಮ್ಮನಿಗೆ ಹರಕೆಯೂ ಹೊತ್ತಾಗಿರುತ್ತದೆ. ಹರಕೆಯ ಬಗ್ಗೆ ನನ್ನ ತಕರಾರಿಲ್ಲ, ಕಾಯುವುದರ ಬಗ್ಗೆ ಇದೆ.

ನಮ್ಮ ಭಾಷೆಯಲ್ಲಿ 'ಕೇಳು' ಎಂಬ ಒಂದೇ ಕ್ರಿಯಾಪದಕ್ಕೆ ಆಲಿಸು ಎಂಬ ಅರ್ಥವೂ ಇದೆ, ಬೇಕೆಂದು ಬೇಡು ಎಂಬ ಅರ್ಥವೂ ಇದೆ. ಮಾತು ಬಾರದ ಮಗು ನನ್ನ ಮುಂದೆ ಬಂದಾಗ, ಅದಕ್ಕೆ ಆಟಿಸಂ (ಇತರರೊಡನೆ ಸಂವಹನ ಮತ್ತು ಒಡನಾಟ ಭಿನ್ನವಾಗಿ ಬೆಳೆಯುವ ಸ್ಥಿತಿ) ಇರಬಹುದೇ ಎಂದು ತಿಳಿಯಲು ನಾನು ಈ ಎರಡನ್ನೂ ಇದೇ ಕ್ರಮದಲ್ಲಿ ನೋಡುತ್ತೇನೆ. ಮೊದಲನೆಯದು ಕಿವಿ. ಡಬ್ಬಿಯ ಸದ್ದಿಗೆ ಓಡಿಬರುತ್ತಾನೆ, ಆದ್ದರಿಂದ ಕಿವಿ ಸರಿಯಿದೆ ಎಂದು ಪೋಷಕರು ವಾದಿಸುತ್ತಾರೆ. ಆದರೆ ಕೆಲವು ಸ್ವರಗಳು ಕೇಳಿಸಿ ಕೆಲವು ಕೇಳಿಸದ ಕಿವಿಗಳೂ ಇರುತ್ತವೆ. ಮಗು ನಿದ್ದೆಯಲ್ಲಿರುವಾಗ ತಲೆಗೆ ಸಣ್ಣ ತಂತಿಗಳನ್ನು ಅಂಟಿಸಿ ಮಾಡುವ ಬೆರಾ ಎಂಬ ಶ್ರವಣ ಪರೀಕ್ಷೆಯ ವರದಿ ಕೈಗೆ ಬರುವವರೆಗೆ ನಾನು ಆಟಿಸಂ ಎಂಬ ಪದವನ್ನು ಖಚಿತವಾಗಿ ಬಳಸಲು ಒಪ್ಪುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೇ ಹೋಗಬೇಕೆನ್ನುವವರು ಖಂಡಿತ ಹೋಗಿಬರಲಿ, ಆದರೆ ಸರದಿ ಬರುವವರೆಗೆ ಮನೆಯಲ್ಲಿ ಸುಮ್ಮನೆ ಕೂರುವುದು ಬೇಡ.

ಎರಡನೆಯದು ಬೇಡುವುದು. ಗಂಗಾವತಿ ಕಡೆಯ ಒಬ್ಬ ತಾಯಿ ತನ್ನ ಮಗ ಏನನ್ನೂ ಹೇಳುವುದಿಲ್ಲ ಎಂದು ನನಗೆ ವಿವರಿಸುತ್ತಿದ್ದಾಗಲೇ ಆ ಹುಡುಗ ಆಕೆಯ ಮಣಿಕಟ್ಟನ್ನು ಹಿಡಿದು ಎಳೆದೊಯ್ದು, ಚೀಲದೊಳಗಿದ್ದ ಮಂಡಕ್ಕಿ ಡಬ್ಬಿಯ ಮುಚ್ಚಳದ ಮೇಲೆ ಆಕೆಯ ಅಂಗೈಯನ್ನು ಇಟ್ಟ. ಅವನ ಕಣ್ಣು ಅವ್ವನ ಮುಖದ ಮೇಲಿರಲಿಲ್ಲ, ಮುಚ್ಚಳದ ಮೇಲಿತ್ತು. ಬೇರೆ ಮಕ್ಕಳು ವರ್ಷ ತುಂಬುವ ಆಸುಪಾಸಿನಲ್ಲಿ ಬೆರಳು ಮಾಡಿ ತೋರಿಸಿ, ತಿರುಗಿ ನಮ್ಮ ಮುಖ ನೋಡುತ್ತಾರೆ. ಆಟಿಸಂ ಇರುವ ಅನೇಕ ಮಕ್ಕಳು ಹಾಗೆ ಮಾಡದೆ ನಮ್ಮ ಕೈಯನ್ನೇ ಇಕ್ಕಳದಂತೆ ಬಳಸುತ್ತಾರೆ. ತಾಯಿ ಇದನ್ನು ಹಟ ಎಂದು ತಿಳಿದಿದ್ದಳು. ನನ್ನ ಲೆಕ್ಕದಲ್ಲಿ ಅದು ಅವನ ಮೊದಲ ವಾಕ್ಯ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ವೃತ್ತಿಗೆ ಬಂದ ಹೊಸತರಲ್ಲಿ ನಾನೂ ಬಿಸ್ಕಿಟ್ಟನ್ನು ಎತ್ತಿ ಹಿಡಿದು, "ಬಿಸ್ಕಿಟ್ ಅನ್ನು, ಕೊಡ್ತೀನಿ" ಎಂದು ಪೀಡಿಸುತ್ತಿದ್ದೆ. ನಾಲ್ಕನೆಯ ವಾರದಲ್ಲಿ ಒಬ್ಬ ಹುಡುಗಿ ಬಾಗಿಲಲ್ಲೇ ತನ್ನ ಕೈ ಕಚ್ಚಿಕೊಳ್ಳಲು ಆರಂಭಿಸಿದಳು. ಬಾಯಿಗೆ ಪದ ತರುವ ದಾರಿಯೇ ಇನ್ನೂ ತೆರೆಯದ ಮಗುವಿನ ಮುಂದೆ ಪದವನ್ನು ಬೆಲೆಯಾಗಿ ಇಡುವುದೆಂದರೆ, ಜೇಬಿನಲ್ಲಿ ಕಾಸಿಲ್ಲದವನನ್ನು ಸಂತೆಯಲ್ಲಿ ನಿಲ್ಲಿಸಿದಂತೆ ಎಂಬುದು ನನಗೆ ಅರ್ಥವಾಗಿದ್ದು ಅವಳ ಕೈಮೇಲಿನ ಹಲ್ಲಿನ ಗುರುತು ಕಂಡ ಮೇಲೆ.

ಈಗ ನಾನು ಹಿಡಿಯುವ ದಾರಿ ಬೇರೆ. 1985ರಲ್ಲಿ ಅಮೆರಿಕದಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ ಪೆಕ್ಸ್ ಎಂಬ ಚಿತ್ರ ವಿನಿಮಯ ಪದ್ಧತಿಯ ಮೊದಲ ಹಂತವನ್ನು ಮನೆಯವರಿಗೆ ಕಲಿಸುತ್ತೇನೆ. ಮಗುವಿಗೆ ಪ್ರಿಯವಾದ ವಸ್ತುವಿನ ಫೋಟೊ ತೆಗೆದು, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿದರೆ ಸಾಕು. ಮನೆಯದೇ ಡಬ್ಬಿಯ ಫೋಟೊ ಆಗಿರಲಿ. ಅಂಗಡಿಯ ಚಾರ್ಟಿನಲ್ಲಿರುವ ಸೇಬಿನ ಚಿತ್ರದಿಂದ ಆರಂಭಿಸುವುದರಲ್ಲಿ ಅರ್ಥವಿಲ್ಲ. ಇದಕ್ಕೆ ದೊಡ್ಡವರು ಇಬ್ಬರು ಬೇಕು. ತಾಯಿ ಮಗುವಿನ ಎದುರು ಒಂದು ಕೈಯಲ್ಲಿ ಮಂಡಕ್ಕಿ ಹಿಡಿದು, ಇನ್ನೊಂದು ಕೈಯನ್ನು ಬರಿದಾಗಿ ಚಾಚಿ ಕೂರಬೇಕು. ಮಗು ಮಂಡಕ್ಕಿಗೆ ಕೈ ಚಾಚಿದ ಕ್ಷಣದಲ್ಲಿ ಹಿಂದೆ ಕೂತ ತಂದೆಯೋ ಚಿಕ್ಕಪ್ಪನೋ ಒಂದೂ ಮಾತಾಡದೆ ಅವನ ಕೈಯನ್ನು ಚಿತ್ರದ ಮೇಲಿಟ್ಟು, ಅದನ್ನು ಎತ್ತಿಸಿ, ತಾಯಿಯ ಅಂಗೈಗೆ ಹಾಕಿಸಬೇಕು. ಚಿತ್ರ ಕೈಗೆ ಬಿದ್ದ ಕೂಡಲೇ ತಾಯಿ "ಮಂಡಕ್ಕಿ" ಎಂದು ಒಮ್ಮೆ ಹೇಳಿ ನಾಲ್ಕು ಕಾಳು ಕೊಡಬೇಕು. ಇದರಲ್ಲಿ ಅತ್ಯಂತ ಕಷ್ಟದ ಪಾತ್ರ ಹಿಂದೆ ಕೂತವನದು, ಏಕೆಂದರೆ ನಮ್ಮ ಮನೆಗಳಲ್ಲಿ ಬಾಯಿ ಮುಚ್ಚಿ ಕೂರುವ ಗಂಡಸು ಸಿಗುವುದು ಅಪರೂಪ.

"ಕಾರ್ಡ್ ರೂಢಿ ಆದ್ರ ಮಾತಾಡೂದ ಬಿಡ್ತಾನಲ್ಲರಿ?" ಎಂಬ ಭಯ ಸಹಜ. 2006ರಲ್ಲಿ ಪ್ರಕಟವಾದ ಸಂಶೋಧನಾ ಅವಲೋಕನವೊಂದು, ಗಟ್ಟಿ ಪುರಾವೆಯಿದ್ದ 27 ಪ್ರಕರಣಗಳನ್ನು ಪರಿಶೀಲಿಸಿದಾಗ, ಚಿತ್ರ ಅಥವಾ ಸನ್ನೆಯ ನೆರವು ಪಡೆದವರಲ್ಲಿ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. ಹೆಚ್ಚಿನವರಲ್ಲಿ, ಸ್ವಲ್ಪವೇ ಆದರೂ, ಮಾತು ಹೆಚ್ಚಿತ್ತು. ಇನ್ನು "ಮಾತಾಡ್ತಾನೇನ್ರಿ?" ಎಂಬ ಮೊದಲ ಪ್ರಶ್ನೆಗೆ ಪ್ರಾಮಾಣಿಕ ಉತ್ತರ: 2013ರ ಅಮೆರಿಕದ ಅಧ್ಯಯನವೊಂದರಲ್ಲಿ, ನಾಲ್ಕನೆಯ ವಯಸ್ಸಿನಲ್ಲಿ ಮಾತು ತೀವ್ರವಾಗಿ ಹಿಂದುಳಿದಿದ್ದ 535 ಆಟಿಸಂ ಮಕ್ಕಳಲ್ಲಿ ಶೇ. 70ರಷ್ಟು ಮಂದಿ ಮುಂದೆ ಪದಗಳನ್ನು ಜೋಡಿಸಿ ಮಾತಾಡಿದರು, ಒಟ್ಟು ಮಕ್ಕಳಲ್ಲಿ ಶೇ. 47ರಷ್ಟು ಮಂದಿ ಸರಾಗವಾಗಿಯೇ ಮಾತಾಡಿದರು. ಉಳಿದವರಿಗೆ ಅಷ್ಟು ಮಾತು ಬರಲಿಲ್ಲ. ನಿಮ್ಮ ಮಗು ಯಾವ ಗುಂಪಿಗೆ ಸೇರುತ್ತದೆ ಎಂದು ಮೂರನೆಯ ವರ್ಷದಲ್ಲೇ ಖಚಿತವಾಗಿ ಹೇಳುವವರನ್ನು ನಂಬಬೇಡಿ.

ಮನೆಯ ಭಾಷೆಯನ್ನು ಬಿಟ್ಟು ಇಂಗ್ಲಿಷ್ ಒಂದನ್ನೇ ಮಾತಾಡಿ ಎಂಬ ಸಲಹೆಯನ್ನು ಹೊತ್ತು ಬರುವವರೂ ಇದ್ದಾರೆ. ಕಾರಟಗಿ ಕಡೆಯ ವಲಸೆ ರೈತರ ಕ್ಯಾಂಪುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಓಣಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು ಇರುವ ಈ ಸೀಮೆಯಲ್ಲಿ ಅದು ಮಗುವನ್ನು ತನ್ನ ಅಜ್ಜಿಯಿಂದಲೇ ದೂರಮಾಡುವ ಸಲಹೆ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಗುವಿನ ಮಾತು ಮತ್ತಷ್ಟು ಹಿಂದುಳಿಯುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ತಾಯಿಗೆ ಮುದ್ದು ಮಾಡಲು ಬರುವ ಭಾಷೆಯಲ್ಲೇ ಮಾತಾಡಲಿ, ಆದರೆ ಕಡಿಮೆ ಮಾತಾಡಲಿ. "ಇದೇನು? ಇದ್ಯಾರು?" ಎಂದು ದಿನವಿಡೀ ಪರೀಕ್ಷೆ ನಡೆಸುವ ಬದಲು ಮಗು ನೋಡುತ್ತಿರುವುದನ್ನು ಒಂದೇ ಪದದಲ್ಲಿ ಹೆಸರಿಸಿ, ಮನಸ್ಸಿನಲ್ಲೇ ಹತ್ತು ಎಣಿಸುತ್ತ ಕಾಯಬೇಕು. ಈ ಹತ್ತು ಎಣಿಸುವುದು ಕೇಳಲು ಸುಲಭ; ಮಾಡಲು ಕೂತಾಗ ಪೋಷಕರು ಮೂರಕ್ಕೇ ಬಾಯಿ ತೆರೆಯುತ್ತಾರೆ.

ಬೇಕು ಎನ್ನುವುದರಷ್ಟೇ ಮುಖ್ಯವಾದುದು ಬೇಡ ಎನ್ನುವುದು ಮತ್ತು ನೋಯುತ್ತಿದೆ ಎನ್ನುವುದು. ಮಗು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳತೊಡಗಿದರೆ ಅದನ್ನು ಆಟಿಸಂನ ಖಾತೆಗೆ ಹಾಕಿ ಸುಮ್ಮನಾಗಬೇಡಿ. ಕಿವಿ ಸೋರುತ್ತಿದೆಯೇ, ಹಲ್ಲು ಹುಳುಕಾಗಿದೆಯೇ, ಮೂರು ದಿನದಿಂದ ಮಲ ಕಟ್ಟಿದೆಯೇ ಎಂದು ಮೊದಲು ನೋಡಿಸಿ. ತಿಂಗಳಿಡೀ 'ವರ್ತನೆ ಸಮಸ್ಯೆ' ಎಂದು ನನ್ನ ಬಳಿ ಬರುತ್ತಿದ್ದ ಒಂದು ಮಗುವಿಗೆ ಇದ್ದದ್ದು ದವಡೆಯ ಹುಳುಕು.

ತುಂಗಭದ್ರಾ ಎಡದಂಡೆ ಕಾಲುವೆಯ ಹತ್ತಿರ ಮನೆಯಿರುವವರಿಗೆ ನಾನು ಚಿತ್ರಗಳಿಗಿಂತ ಮೊದಲು ಹೇಳುವುದು ಬಾಗಿಲ ಚಿಲಕದ ಬಗ್ಗೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ನೀರಿನ ಸೆಳೆತ ಹೆಚ್ಚು, ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ, ದಾರಿಯಲ್ಲಿ ಸಿಕ್ಕವರಿಗೆ ಊರು ಹೇಳಲು ಬಾರದು. ಚಿಲಕ ಮಗುವಿನ ಕೈಗೆಟುಕದ ಎತ್ತರದಲ್ಲಿರಲಿ. ಗವಿಮಠದ ಜಾತ್ರೆಗೆ ಕರೆದೊಯ್ಯುವಾಗ ಅಂಗಿಯ ಒಳಗೆ ಫೋನ್ ನಂಬರ್ ಬರೆದಿರಲಿ.

ಕಾಗದಪತ್ರದ ಕೆಲಸವನ್ನೂ ಜೊತೆಜೊತೆಗೆ ಮುಗಿಸಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಮಾಡಿಸಿದ ಮೇಲೆ ನಿರಾಮಯ ಆರೋಗ್ಯ ವಿಮೆಗೂ ಅರ್ಜಿ ಹಾಕಬಹುದು. ಅದರಲ್ಲಿ ಥೆರಪಿಯ ಖರ್ಚಿಗೂ ಅವಕಾಶವಿದೆ.

ಮಣಿಕಟ್ಟು ಹಿಡಿದೆಳೆದ ಆ ಹುಡುಗ ಮೂರನೆಯ ವಾರದಲ್ಲಿ ಯಾರೂ ಕೈ ಹಿಡಿಸದೆ ಚಿತ್ರವನ್ನು ಎತ್ತಿಕೊಟ್ಟ. ಮರುದಿನ ಅವನ ಅಜ್ಜಿಯೇ ನನಗೆ ಫೋನ್ ಮಾಡಿದರು: "ಮುಂಜಾನೆ ಐದಕ್ಕ ಎಬ್ಬಿಸಿ ಕೈಯಾಗ ಕಾರ್ಡ್ ಇಟ್ಟಾನ್ರಿ, ಅಷ್ಟೊತ್ತಿಗೂ ಮಂಡಕ್ಕಿ ಕೊಡಬೇಕೇನ್ರಿ?" ಸದ್ಯಕ್ಕೆ ಕೊಡಿ ಎಂದೆ. 'ಸ್ವಲ್ಪ ತಡಿ' ಎಂಬ ಕಾರ್ಡನ್ನು ಮುಂದಿನ ತಿಂಗಳು ಮಾಡೋಣ ಎಂದೂ ಹೇಳಿದೆ.